ಸ್ಟಾರ್ ಟ್ರೆಕ್ ನೋಡೋವಾಗ ಕಾಲರ್ ಮೇಲಿನ ಪಿಪ್ ಓದೋದು ಹೇಗೆ

ಪೊಲೀಸ್ ಸ್ಟೇಷನ್‌ಗೆ ಹೋದ್ರೆ ನಮ್ ಕಣ್ಣು ಮೊದ್ಲು ಹೋಗೋದು ಭುಜದ ಮೇಲೆ, ಎರಡು ಸ್ಟಾರ್ ಇದ್ರೆ ಎಸ್‌ಐ, ಮೂರಿದ್ರೆ ಇನ್ಸ್‌ಪೆಕ್ಟರ್, ಆಮೇಲೇ ಮಾತು. ಬಾಹ್ಯಾಕಾಶ ಹಡಗಿನ ಅಧಿಕಾರಿಗಳ ಕಥೆ ಹೇಳೋ ಸ್ಟಾರ್ ಟ್ರೆಕ್ ಟಿವಿ ಸೀರೀಸ್‌ಗಳನ್ನೂ ಹಂಗೇ ನೋಡಿ, ಪಾತ್ರಗಳು ಬೇರೇನೇ ಕಾಣ್ತವೆ.

1987ರ ನೆಕ್ಸ್ಟ್ ಜನರೇಶನ್‌ನಿಂದ ಶುರು ಮಾಡಿ. 1966ರ ಹಳೇ ಸೀರೀಸಲ್ಲಿ ರ‍್ಯಾಂಕ್ ಇರೋದು ತೋಳಿನ ತುದೀಲಿ, ಬಂಗಾರದ ಪಟ್ಟಿಯಾಗಿ, ಹಂಗಾಗಿ ಕ್ಲೋಸಪ್ ಬಂದ್ರೆ ಫ್ರೇಮಿಂದ ಆಚೆ. ನೆಕ್ಸ್ಟ್ ಜನರೇಶನ್‌ನಲ್ಲಿ ಅದು ಕಾಲರ್ ಮೇಲೆ, ಪಿಪ್ ಅನ್ನೋ ಪುಟ್ಟ ಗುಂಡಿಗಳಾಗಿ, ಮುಖದ ಪಕ್ಕದಲ್ಲೇ, ಪಾತ್ರ ಹೆದರಿದ್ರೂ ಸುಳ್ಳು ಹೇಳಿದ್ರೂ ಅದರ ಹುದ್ದೆ ಜೊತೆಗೇ ಕಾಣುತ್ತೆ. ಲೆಕ್ಕ ಸುಲಭ: ಒಂದು ಬಂಗಾರದ ಪಿಪ್ ಎನ್‌ಸೈನ್, ಎರಡು ಲೆಫ್ಟಿನೆಂಟ್, ಮೂರು ಕಮಾಂಡರ್, ನಾಲ್ಕು ಕ್ಯಾಪ್ಟನ್. ಮಧ್ಯೆ ಕಪ್ಪು ಪಿಪ್ ಸೇರಿದ್ರೆ ಅರ್ಧ ಮೆಟ್ಟಿಲು ಅಂದ್ಕೊಳ್ಳಿ. ಬಟ್ಟೆ ಕೆಂಪಾದ್ರೆ ಕಮಾಂಡ್, ಹಳದಿಯಾದ್ರೆ ಎಂಜಿನಿಯರಿಂಗ್ ಮತ್ತು ಸೆಕ್ಯುರಿಟಿ, ನೀಲಿಯಾದ್ರೆ ಸೈನ್ಸ್ ಮತ್ತು ಮೆಡಿಕಲ್.

ಇಷ್ಟು ಗೊತ್ತಾದ್ಮೇಲೆ 1993ರ ಟ್ಯಾಪೆಸ್ಟ್ರಿ ಎಪಿಸೋಡ್ ಹಾಕಿ. ಹಡಗಿನ ಕ್ಯಾಪ್ಟನ್ ಪಿಕಾರ್ಡ್‌ಗೆ ತನ್ನ ಹರೆಯದ ಒಂದು ದುಡುಕನ್ನ ತಿದ್ದೋ ಅವಕಾಶ ಸಿಗುತ್ತೆ, ತಿದ್ದಿ ವಾಪಸ್ ಬಂದ್ರೆ ನೀಲಿ ಬಟ್ಟೆ ಹಾಕ್ಕೊಂಡಿರೋ ಜೂನಿಯರ್ ಲೆಫ್ಟಿನೆಂಟ್! ಅದೇ ಹಡಗು, ಅದೇ ಮನುಷ್ಯ, ರಿಸ್ಕ್ ತಗೊಳ್ಳದೇ ಬದುಕಿದ್ರೆ ಏನಾಗ್ತಿತ್ತು ಅನ್ನೋದನ್ನ ಡೈಲಾಗ್‌ಗಿಂತ ಮುಂಚೆ ಬಟ್ಟೆನೇ ಹೇಳ್ಬಿಡುತ್ತೆ.

ಆಮೇಲೆ ಅದೇ ಹಡಗಿನ ಕೌನ್ಸೆಲರ್ ಟ್ರಾಯ್‌ನ ಗಮನಿಸಿ, ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು. ವರ್ಷಗಟ್ಟಲೆ ಅವಳು ಹೆಚ್ಚಾಗಿ ಬೇರೆ ಬಟ್ಟೇಲೇ ಓಡಾಡ್ತಾಳೆ, ಅಧಿಕಾರಿ ಅನ್ನೋದೇ ನೋಡೋರಿಗೆ ಮರೆತೋಗಿರುತ್ತೆ, 1992ರಲ್ಲಿ ಹೊಸ ಕ್ಯಾಪ್ಟನ್ ಜೆಲಿಕೋ ಬಂದು ಯೂನಿಫಾರ್ಮ್ ಹಾಕು ಅಂತಾನೆ, ಅಲ್ಲಿಂದ ಅವಳ ಪಾತ್ರಕ್ಕೆ ಬೇರೆ ತೂಕ. 1994ರ ದೈನ್ ಓನ್ ಸೆಲ್ಫ್‌ನಲ್ಲಿ ಅವಳು ಕಮಾಂಡರ್ ಆಗೋಕೆ ಪರೀಕ್ಷೆ ಕೊಡ್ತಾಳೆ, ಸಿಮ್ಯುಲೇಶನ್ನಲ್ಲಿ ಗೆಳೆಯ ಜಾರ್ಡಿಯನ್ನ ಸಾಯೋಕೆ ಕಳಿಸೋ ಆರ್ಡರ್ ಕೊಡೋವರೆಗೂ ಪಾಸಾಗಲ್ಲ. ಕಪ್ಪಾಗಿದ್ದ ಮೂರನೇ ಪಿಪ್ ಬಂಗಾರವಾಗೋದರ ಬೆಲೆ ಅದು.

ಇನ್ನೊಂದು ಸ್ಟಾರ್ ಟ್ರೆಕ್ ಸೀರೀಸ್ ವಾಯೇಜರ್ ನೋಡೋವಾಗ ಕೇಳ್ಕೊಬೇಕಾದ ಪ್ರಶ್ನೆ ಪಿಪ್ ಯಾರಿಗೆ ಸಿಕ್ಕಿಲ್ಲ ಅನ್ನೋದು. ಬಂಡಾಯಗಾರರಾಗಿದ್ದ ಮಾಕಿ ಗುಂಪಿನ ಚಕೋಟೇ, ಟೊರೆಸ್ ಇಬ್ಬರೂ ದೊಡ್ಡ ಜವಾಬ್ದಾರಿ ಹೊತ್ತಿದ್ರೂ ಕಾಲರ್ ಮೇಲೆ ಪಿಪ್ ಇಲ್ಲ, ಬೇರೆ ಥರದ ಪಟ್ಟಿ. ಪ್ರತಿ ಸೀನಲ್ಲೂ ಇವರು ಹೊರಗಿಂದ ಬಂದೋರು ಅಂತ ಅದು ನೆನಪಿಸ್ತಾ ಇರುತ್ತೆ. ಇನ್ನು ಹ್ಯಾರಿ ಕಿಮ್, ಪಾಪ, 1995ರಿಂದ 2001ರವರೆಗೆ ಏಳು ಸೀಸನ್ನೂ ಎನ್‌ಸೈನ್! ಅದೇ ಹಡಗಿನ ಟಾಮ್ ಪ್ಯಾರಿಸ್ ಥರ್ಟಿ ಡೇಸ್ ಎಪಿಸೋಡಲ್ಲಿ ಆರ್ಡರ್ ಮೀರಿ ಡಿಮೋಟ್ ಆಗಿ, ಮತ್ತೆ ಪ್ರಮೋಷನ್ನೂ ತಗೊಳ್ತಾನೆ, ಹ್ಯಾರಿ ಮಾತ್ರ ಇದ್ದಲ್ಲೇ. ಇದು ಬರೆದೋರ ತಪ್ಪು ಅನ್ನೋದು ನನ್ನ ಅಭಿಪ್ರಾಯ, ಹುಡುಗ ಬೆಳೆದಿದ್ದಾನೆ, ಬೆಳೆದಿದ್ದನ್ನ ಒಪ್ಪಿಕೊಳ್ಳೋ ಸೀನೇ ಇಲ್ಲ.

ಒಂದು ಎಚ್ಚರ, ಎಲ್ಲದಕ್ಕೂ ಅರ್ಥ ಹುಡುಕೋಕೆ ಹೋಗ್ಬೇಡಿ. ನೆಕ್ಸ್ಟ್ ಜನರೇಶನ್‌ನಲ್ಲಿ ಓಬ್ರಾಯನ್ ಅನ್ನೋ ಸಿಬ್ಬಂದಿಯ ಕಾಲರ್ ಸುಮ್ನೆ ಬದಲಾಗ್ತಾ ಇರುತ್ತೆ, 1990ರ ಫ್ಯಾಮಿಲಿ ಎಪಿಸೋಡಲ್ಲಿ ಅವನು ಚೀಫ್ ಪೆಟಿ ಆಫೀಸರ್ (ಅಧಿಕಾರಿಗಳಿಗಿಂತ ಕೆಳಗಿನ ಹುದ್ದೆ) ಅಂತ ಡೈಲಾಗಲ್ಲಿ ಬರೋವರೆಗೂ ಅವನ ರ‍್ಯಾಂಕ್ ಗಟ್ಟಿಯಾಗಿರಲಿಲ್ಲ. ಅವನ ವಿಷಯದಲ್ಲಿ ಕಾಲರ್ ಬಿಟ್ಟು ಮಾತು ನಂಬಿ.