ಅಂಗಳದಲ್ಲಿ 40 ಚೀಲ, ಎಕ್ಸೆಲ್ ಹೇಳಿದ್ದು ಸೊನ್ನೆ

ಶಿರಸಿ ಪೇಟೆಗೆ ಅಡಿಕೆ ಕಳಿಸುವ ಮುಂಚೆ ನಮ್ಮನೆಯಲ್ಲಿ ಒಂದು ಪಟ್ಟಿ ಆಗಲೇಬೇಕು. ಮೊದಲೆಲ್ಲ ಹಳೇ ಡೈರಿಯ ಕೊನೆಯ ಹಾಳೆ ಸಾಕಿತ್ತು, ಈಗ ಎಕ್ಸೆಲ್. ಎ ಕಾಲಂನಲ್ಲಿ ಚೀಲದ ನಂಬರ್, ಬಿಯಲ್ಲಿ ತೂಕ, ಸಿಯಲ್ಲಿ ಬಗೆ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು. 2ನೇ ಸಾಲಿನಿಂದ 41ರವರೆಗೆ 40 ಚೀಲ.

ಬಗೆ ಬರೆದ ಚೀಲ ಎಷ್ಟು ಅಂತ ನೋಡಲು ನಾನು ಮೊದಲು ಹಾಕಿದ್ದು =ಕೌಂಟ್(ಸಿ2:ಸಿ41). ಉತ್ತರ 0! ಕೌಂಟ್ ಎಣಿಸುವುದು ಅಂಕಿಗಳನ್ನು ಮಾತ್ರ, ಅಕ್ಷರ ಅದರ ಕಣ್ಣಿಗೆ ಬೀಳುವುದಿಲ್ಲ.

ಅಕ್ಷರ ಎಣಿಸಲು ಖಾಲಿ ಜಾಗದಲ್ಲಿ ಹೀಗೆ ಬರೆಯಿರಿ: =ಕೌಂಟ್‌ಇಫ್(ಸಿ2:ಸಿ41,"*"). ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದರೂ ಫಾರ್ಮುಲಾದ ಹೆಸರು, ಕಾಲಂ ಅಕ್ಷರ ಎರಡನ್ನೂ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ನಕ್ಷತ್ರ ಅಂದರೆ 'ಯಾವ ಪದವಾದರೂ ಸರಿ'. ಅಂಕಿ, ಅಕ್ಷರ ಏನಿದ್ದರೂ ಎಣಿಸಬೇಕು ಅಂದರೆ =ಕೌಂಟ್‌ಎ(ಸಿ2:ಸಿ41).

ಬಗೆವಾರು ಲೆಕ್ಕಕ್ಕೆ ನಕ್ಷತ್ರದ ಜಾಗದಲ್ಲಿ "ಚಾಲಿ" ಅಂತ ಹಾಕಿ. "*ಗೋಟು" ಎಂದರೆ ಕೆಂಪು, ಬಿಳಿ ಎರಡೂ ಗೋಟು ಒಟ್ಟಿಗೇ ಬರುತ್ತವೆ.

ಡಿ ಕಾಲಂನಲ್ಲಿ ನಾನೊಂದು ಇಫ್ ಫಾರ್ಮುಲಾ ಇಟ್ಟಿದ್ದೇನೆ. ಚೀಲ ಪೇಟೆಗೆ ಹೋದರೆ "ಹೋಯ್ತು" ಅಂತ ತೋರಿಸುತ್ತದೆ, ಇಲ್ಲದಿದ್ದರೆ "" ಅಂದರೆ ಏನೂ ಇಲ್ಲ. ಹೋಗಿದ್ದು 12 ಚೀಲ. ಕೌಂಟ್‌ಎ ಹೇಳಿದ್ದು 40, ನಕ್ಷತ್ರವೂ 40! ನಮಗೆ ಖಾಲಿ ಕಂಡರೂ ಒಳಗೆ ಫಾರ್ಮುಲಾ ಕೂತಿದೆ ಅಲ್ವಾ, ಅದಕ್ಕೆ. ಆಗ "?*" ಹಾಕಿ. ಪ್ರಶ್ನೆ ಚಿಹ್ನೆ ಕಡೇಪಕ್ಷ ಒಂದು ಅಕ್ಷರವಾದರೂ ಇರಲಿ ಅನ್ನುತ್ತದೆ. ಸರಿಯಾಗಿ 12 ಬಂತು.

ಹೋದವುಗಳಲ್ಲಿ ಚಾಲಿ ಎಷ್ಟು? =ಕೌಂಟ್‌ಇಫ್ಸ್(ಸಿ2:ಸಿ41,"ಚಾಲಿ",ಡಿ2:ಡಿ41,"ಹೋಯ್ತು"). ಎಕ್ಸೆಲ್ 2007ರಿಂದ ಈಚಿನ ಎಲ್ಲದರಲ್ಲೂ ಇದು ಇದೆ.

ಇಷ್ಟಾದರೂ ಒಂದು ದಿನ ಲೆಕ್ಕ ತಪ್ಪಿತು. ಅಂಗಳದಲ್ಲಿ ಚಾಲಿ 14 ಚೀಲ, ಹಾಳೆಯಲ್ಲಿ 13. "ಒಂದು ಚೀಲ ಎಲ್ಲಿ ಹೋತೋ ಮಾರಾಯಾ?" ಅಂತ ಭಾವ ಎರಡೆರಡು ಸಲ ಎಣಿಸಿದ. ಕೊನೆಗೆ ಅನುಮಾನ ಬಂದ ಸಾಲಿಗೆ, ಒಳಗೆ ಎಷ್ಟು ಅಕ್ಷರ ಇದೆ ಅಂತ ಎಣಿಸುವ =ಲೆನ್(ಸಿ17) ಹಾಕಿದೆ. 5 ಬಂತು. ಬರಬೇಕಾದ್ದು 4: ಚ, ಅದರ ಇಳಿ, ಲ, ಅದರ ಗುಡಿಸು. ನಮಗೆ ಎರಡೇ ಅಕ್ಷರ, ಕಂಪ್ಯೂಟರಿಗೆ ನಾಲ್ಕು. ಐದನೆಯದು ಪದದ ಹಿಂದೆ ಉಳಿದಿದ್ದ ಒಂದು ಸ್ಪೇಸ್. ಫೋನಿನ ಕೀಬೋರ್ಡ್ ಸೂಚಿಸಿದ ಪದ ಒತ್ತಿದರೆ ಅದೂ ಸುಮ್ನೆ ಜೊತೆಗೆ ಬಂದುಬಿಡುತ್ತದೆ.

ಪಕ್ಕದ ಖಾಲಿ ಕಾಲಂನಲ್ಲಿ =ಟ್ರಿಮ್(ಸಿ2) ಹಾಕಿ ಕೆಳಗಿನವರೆಗೆ ಎಳೆಯಿರಿ; ಪದದ ಹಿಂದೆ ಮುಂದೆ ಉಳಿದ ಸ್ಪೇಸನ್ನು ಇದು ತೆಗೆದುಹಾಕುತ್ತದೆ. ಬಂದದ್ದನ್ನು ಕಾಪಿ ಮಾಡಿ, ಸಿ ಕಾಲಂ ಮೇಲೆ ಪೇಸ್ಟ್ ವ್ಯಾಲ್ಯೂಸ್ ಕೊಡಿ. ಮುಂದಕ್ಕೆ ಈ ರಗಳೆಯೇ ಬೇಡ ಅಂದರೆ ಸಿ ಕಾಲಂ ಆರಿಸಿಕೊಂಡು ಡೇಟಾ, ಡೇಟಾ ವ್ಯಾಲಿಡೇಶನ್, ಲಿಸ್ಟ್‌ಗೆ ಹೋಗಿ ಐದು ಬಗೆಯ ಹೆಸರು ತುಂಬಿಸಿಡಿ. ಭಾವ ಈಗ ಟೈಪ್ ಮಾಡುವುದಿಲ್ಲ, ಪಟ್ಟಿಯಿಂದ ಆರಿಸುತ್ತಾನೆ.