ಸಿನರ್ಜಿಗೆ ನಾನು ಬೆಲೆ ಕಟ್ಟುವ ಬಗೆ

ಸ್ವಾಧೀನದ ಡೀಲ್‌ಗಳಲ್ಲಿ ಮೌಲ್ಯಮಾಪನ ನನ್ನ ಕೆಲಸ. ಕೊಳ್ಳುವ ಕಂಪನಿಯವರು ಸಿನರ್ಜಿ, ಅಂದರೆ ಎರಡು ಕಂಪನಿ ಒಂದಾದರೆ ಮಾತ್ರ ಸಿಗುವ ಹೆಚ್ಚುವರಿ ಲಾಭ, ಇಷ್ಟು ಎಂದು ಒಂದೇ ಮೊತ್ತ ಕೊಟ್ಟರೆ ಅದನ್ನು ಹಾಗೇ ಮಾಡೆಲ್‌ಗೆ ಹಾಕುವುದಿಲ್ಲ. ಒಂದಾಗದೇ ಹೋದರೆ ಎರಡೂ ಕಂಪನಿಗಳ ಬೆಲೆ ಎಷ್ಟು ಎಂದು ಮೊದಲು ಬೇರೆಬೇರೆ ಲೆಕ್ಕ ಹಾಕುತ್ತೇನೆ. ಮಾರಾಟಕ್ಕಿರುವ ಕಂಪನಿ ಹೇಗೂ ಮಾಡಲಿದ್ದ ವೆಚ್ಚ ಕಡಿತ ಆ ಲೆಕ್ಕದಲ್ಲೇ ಸೇರಿರುತ್ತದೆ. ಅದನ್ನೇ ಸಿನರ್ಜಿ ಎಂದು ಎರಡನೇ ಸಲ ಎಣಿಸುವುದು ತೀರಾ ಸಾಮಾನ್ಯ.

ಆಮೇಲೆ ಪ್ರತಿ ಬಾಬ್ತಿಗೂ ಕೇಳುತ್ತೇನೆ: ಯಾರು ಮಾಡಿಸುತ್ತಾರೆ, ಯಾವಾಗಿನಿಂದ? ಎರಡು ಮುಖ್ಯ ಕಚೇರಿ ಒಂದಾಗುವುದು, ಕಚ್ಚಾ ಸರಕನ್ನು ಒಟ್ಟಿಗೆ ಕೊಳ್ಳುವುದು, ಇಂಥವಕ್ಕೆ ಉತ್ತರ ಸಿಗುತ್ತದೆ. ‘ಇವರ ಗ್ರಾಹಕರಿಗೆ ಅವರ ಸರಕು ಮಾರುತ್ತೇವೆ’ ಎನ್ನುವಲ್ಲಿ ಸಿಗುವುದು ಉತ್ಸಾಹ ಮಾತ್ರ. ಅಂಥ ಆದಾಯ ಬಂದರೂ ಮಾರಾಟದ ಮೊತ್ತವನ್ನಲ್ಲ, ಅದರಲ್ಲಿ ಉಳಿಯುವ ಮಾರ್ಜಿನ್ ಅಷ್ಟನ್ನೇ ಹಿಡಿಯುತ್ತೇನೆ. ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಡಿಸ್ಕೌಂಟ್ ದರವನ್ನೂ ಏರಿಸುತ್ತೇನೆ. ಇಬ್ಬರಿಂದಲೂ ಕೊಳ್ಳುತ್ತಿದ್ದ ಗ್ರಾಹಕ, ಇಬ್ಬರೂ ಒಂದಾದರೆ ಸ್ವಲ್ಪ ಆರ್ಡರನ್ನು ಮೂರನೆಯವರಿಗೆ ಕೊಡುವುದುಂಟು. ಈ ನಷ್ಟಕ್ಕೂ ಒಂದು ಸಾಲು ಬೇಕು. ಕಂಪ್ಯೂಟರ್ ಕಂಪನಿ ಕಾಂಪ್ಯಾಕ್ ಜತೆಗಿನ ವಿಲೀನಕ್ಕೆ ಷೇರುದಾರರ ಒಪ್ಪಿಗೆ ಕೇಳುವಾಗ ಎಚ್‌ಪಿ, ವರ್ಷಕ್ಕೆ ಸುಮಾರು 250 ಕೋಟಿ ಡಾಲರ್ ಉಳಿತಾಯದ ಜತೆಗೆ ಕೈತಪ್ಪುವ ಆದಾಯದ ಅಂದಾಜನ್ನೂ ಮುಂದಿಟ್ಟಿತ್ತು. ಆ ಪ್ರಾಮಾಣಿಕತೆ ನನಗೆ ಇಷ್ಟ.

ಲೆಕ್ಕ ಹೀಗೆ. ವರ್ಷಕ್ಕೆ ಉಳಿತಾಯ 100, ಡಿಸ್ಕೌಂಟ್ ದರ ಶೇ. 12 ಎಂದಿಟ್ಟುಕೊಳ್ಳಿ. ಇದು ಮೊದಲ ವರ್ಷದಿಂದಲೇ ಪೂರ್ತಿಯಾಗಿ, ಎಂದೆಂದಿಗೂ ಬರುತ್ತದೆ ಎಂದು ಹಿಡಿದು ಹಲವರು 100 ಅನ್ನು 0.12ರಿಂದ ಭಾಗಿಸಿ 833 ಎಂದುಬಿಡುತ್ತಾರೆ. ನಾನು ಶೇ. 25 ತೆರಿಗೆ ಕಳೆದು 75 ಹಿಡಿಯುತ್ತೇನೆ. ಅದೂ ಮೊದಲ ವರ್ಷ ಶೇ. 30, ಎರಡನೆಯ ವರ್ಷ ಶೇ. 70, ಮೂರರಿಂದ ಪೂರ್ತಿ. ಇಂದಿನ ಮೌಲ್ಯ 560. ನೌಕರರ ಪರಿಹಾರ, ಸಾಫ್ಟ್‌ವೇರ್ ಜೋಡಣೆ ಮುಂತಾದ ಒಂದೇ ಸಲದ ಖರ್ಚು ಮೊದಲ ವರ್ಷ 120. ತೆರಿಗೆ ಕಳೆದು ಇಂದಿನ ಮೌಲ್ಯಕ್ಕೆ ತಂದರೆ 80. ಕೊನೆಗೆ ನಿಲ್ಲುವುದು 480.

ಮಾರುವವರು ತಮ್ಮ ಕಂಪನಿಯ ಸ್ವಂತ ಬೆಲೆಯ ಮೇಲೆ 400 ಹೆಚ್ಚು, ಅಂದರೆ ಪ್ರೀಮಿಯಂ, ಕೇಳುತ್ತಿದ್ದರೆ, ಈ ಮೌಲ್ಯದಲ್ಲಿ ಶೇ. 83 ಡೀಲ್ ಮುಗಿದ ದಿನವೇ ಅವರ ಪಾಲು. ಗಳಿಸಿ ತೋರಿಸುವ ಹೊಣೆ ಕೊಂಡವರದು. ಹಾಗಾಗಿ ಬೆಲೆಯ ಮಾತುಕತೆಗೆ ಮುಂಚೆ ಆಡಳಿತ ಮಂಡಳಿಗೆ ಇನ್ನೊಂದು ಹಾಳೆ ಕೊಡುತ್ತೇನೆ: ಖರ್ಚು ಸಮಯಕ್ಕೇ ಆಗಿ, ಉಳಿತಾಯ ಮಾತ್ರ ಒಂದು ವರ್ಷ ತಡವಾದರೆ 480 ಇದ್ದದ್ದು 420 ಆಗುತ್ತದೆ. ಪ್ರೀಮಿಯಂ ಕಳೆದರೆ ಉಳಿಯುವುದು 20.