ಉಬ್ಬಸ ಇರುವ ಮಗುವನ್ನು ಪ್ರೀಸ್ಕೂಲಿಗೆ ಕಳಿಸುವವರಿಗೆ

ಮಗಳನ್ನು ಪ್ರೀಸ್ಕೂಲಿಗೆ ಸೇರಿಸಿದ ಮೊದಲ ಎರಡು ತಿಂಗಳು ಅವಳು ಮನೆಯಲ್ಲಿ ಇದ್ದದ್ದೇ ಜಾಸ್ತಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 8-10 ಸಲ ನೆಗಡಿ ಆಗುವುದು ಮಾಮೂಲು ಎಂದು ಡಾಕ್ಟರ್ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಆದರೆ ಉಬ್ಬಸ ಇರುವ ಮಗುವಿಗೆ ಅದೇ ನೆಗಡಿ ಎದೆಗೆ ಇಳಿಯುತ್ತದೆ, ಅಲ್ವಾ?

ನಮಗೆ ಕೆಲಸಕ್ಕೆ ಬಂದದ್ದು ಒಂದು ಹಾಳೆ. ಯಾವ ಇನ್ಹೇಲರ್, ಎಷ್ಟು ಪಫ್, ಯಾವಾಗ ಕೊಡಬೇಕು, ಯಾರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಡಾಕ್ಟರ್ ಹತ್ತಿರ ಬರೆಸಿ ಟೀಚರಿಗೆ ಕೊಟ್ಟೆ. ಸುಮ್ನೆ ಕೊಟ್ಟು ಬರಬೇಡಿ. ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ), ಮಾಸ್ಕ್ ಹಾಕಿ ಒಮ್ಮೆ ಮಾಡಿ ತೋರಿಸಿ. ನಮ್ಮ ಟೀಚರ್ ಇನ್ಹೇಲರನ್ನು ಅಲುಗಾಡಿಸುವುದನ್ನೇ ಮರೆಯುತ್ತಿದ್ದರು! ಶಾಲೆಗೆ ಬೇರೆ ಇನ್ಹೇಲರ್ ಇಡಿ, ಮೇಲೆ ಹೆಸರು ಬರೆಯಿರಿ, ಎಕ್ಸ್‌ಪೈರಿ ನೋಡುತ್ತಿರಿ. ಉಸಿರಾಡುವಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದನ್ನೂ ಆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಜ್ವರದ ಔಷಧಿ ಕುಡಿಸಿ ಕಳಿಸುವ ತಪ್ಪು ನಾನೂ ಮಾಡಿದ್ದೇನೆ. ಮಧ್ಯಾಹ್ನದೊಳಗೆ ಫೋನ್ ಬಂತು. ಈಗ ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಶಾಲೆ. ಮನೆಗೆ ಬಂದ ತಕ್ಷಣ 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಸುತ್ತೇನೆ. ವಾಂತಿ-ಭೇದಿಯ ಕೆಲವು ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟು ನಾಟುವುದಿಲ್ಲ.